ಹದಿನಾಲ್ಕು ದಿನ, ನಾಲ್ಕು ಅಲಾರಂ: ಪುಟ್ಟ ಮಗುವಿನ ಟಾನ್ಸಿಲ್ ಆಪರೇಷನ್ ಗೆಲ್ಲುವ ಸೂತ್ರಗಳು

ಬೆಳಗಿನ ಜಾವ ಕೆ.ಜಿ.ಎಫ್.ನ ಮಾರಿಕುಪ್ಪಂನಲ್ಲೋ ಊರಿಗಾಂನಲ್ಲೋ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ನೀವು. ಮನೆ ಬಿಡುವಾಗ ಮಗು ಮಲಗಿರುತ್ತದೆ. ರಾತ್ರಿ ಬಂದಾಗಲೂ ಮಲಗಿರುತ್ತದೆ. ಹಾಗಾಗಿ ಅದರ ಮಾತಿಗಿಂತ ಗೊರಕೆಯೇ ನಿಮಗೆ ಹೆಚ್ಚು ಪರಿಚಯ. ಎರಡೂವರೆ ವರ್ಷದ ಕೂಸು ದೊಡ್ಡವರ ಹಾಗೆ ಗೊರಕೆ ಹೊಡೆಯುತ್ತದೆ, ಬಾಯಿ ತೆರೆದೇ ಮಲಗುತ್ತದೆ, ನಡುನಡುವೆ ಉಸಿರು ಸಿಕ್ಕಿಕೊಂಡು ಬೆಚ್ಚಿ ಹೊರಳುತ್ತದೆ. ಇ.ಎನ್.ಟಿ. ಡಾಕ್ಟರ್ ನೋಡಿ, "ಟಾನ್ಸಿಲ್, ಅಡೆನಾಯ್ಡ್ ಎರಡನ್ನೂ ತೆಗೆಯೋಣ" ಅಂದಿದ್ದಾರೆ. ನಿಮ್ಮ ಎದೆ ಧಸಕ್ ಅಂದಿದೆ.

ಸರಿ, ಈಗ ಕೆಲಸ ಶುರು ಮಾಡಿ. ಆಪರೇಷನ್ ಡಾಕ್ಟರ ಪಾಲಿನದು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆಮೇಲಿನ ಹದಿನಾಲ್ಕು ದಿನ ನಿಮ್ಮ ಪಾಲಿನದು. ಮಗುವಿಗೆ ಎಷ್ಟು ನೋವಾಗುತ್ತದೆ, ಎಷ್ಟು ಬೇಗ ಎದ್ದು ಓಡಾಡುತ್ತದೆ ಅನ್ನುವುದರಲ್ಲಿ ದೊಡ್ಡ ಭಾಗ ನಿಮ್ಮ ಕೈಯಲ್ಲೇ ಇದೆ. ಆಫೀಸಿನಲ್ಲಿ ಟಾರ್ಗೆಟ್ ಮುಟ್ಟಿಸುವವರು ನೀವು. ಇದನ್ನೂ ಮುಟ್ಟಿಸುತ್ತೀರಿ.

1. ಮೊದಲು ವಿಡಿಯೋ ಮಾಡಿ

ಮೂರೂವರೆ, ನಾಲ್ಕು ಗಂಟೆಗೆ ಎದ್ದಾಗ ಹಲ್ಲುಜ್ಜುವ ಮೊದಲು ಮಗುವಿನ ಹತ್ತಿರ ಹೋಗಿ. ಲೈಟ್ ಹಾಕಿ, ಅಂಗಿ ಸರಿಸಿ, ಮುಖ ಮತ್ತು ಎದೆ ಎರಡೂ ಕಾಣುವಂತೆ ಎರಡು ಮೂರು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ. ಕನಸು ಬೀಳುವ ನಿದ್ರೆ ಬೆಳಗಿನ ಜಾವಕ್ಕೇ ಹೆಚ್ಚು. ಆ ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುವುದರಿಂದ ಉಸಿರು ಕಟ್ಟುವುದೂ ಆಗಲೇ ಎದ್ದು ಕಾಣುತ್ತದೆ. ಹಗಲು ಹೊತ್ತಿನಲ್ಲಿ ಕ್ಲಿನಿಕ್ಕಿಗೆ ಬರುವ ಮಗು ಡಾಕ್ಟರ ಮುಂದೆ ಗೊರಕೆ ಹೊಡೆದು ತೋರಿಸುವುದಿಲ್ಲ. ನಿಮ್ಮ ವಿಡಿಯೋ ತೋರಿಸುತ್ತದೆ.

2. ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ನನ್ನ ಮಗುವಿಗೆ ಈ ಆಪರೇಷನ್ ಯಾಕೆಂದರೆ..." ಎಂದು ಶುರು ಮಾಡಿ. ವಾಕ್ಯ ಪೂರ್ತಿಯಾಗದಿದ್ದರೆ ಡಾಕ್ಟರ ಬಳಿ ಮತ್ತೊಮ್ಮೆ ಹೋಗಿ.

ಕಾರಣಗಳು ಮುಖ್ಯವಾಗಿ ಎರಡು. ಒಂದು, ನಿದ್ರೆಯಲ್ಲಿ ಉಸಿರಿನ ದಾರಿ ಕಟ್ಟುವುದು. ಟಾನ್ಸಿಲ್ ಗಂಟಲಿನ ಎರಡೂ ಪಕ್ಕದಲ್ಲಿ ಇರುತ್ತದೆ, ಬಾಯಿ ತೆರೆದರೆ ಕಾಣುತ್ತದೆ. ಅಡೆನಾಯ್ಡ್ ಮೂಗಿನ ಹಿಂದೆ, ಅಂಗುಳಿನ ಮೇಲುಗಡೆ ಅಡಗಿರುತ್ತದೆ. ಅದನ್ನು ನೋಡಲು ಎಕ್ಸ್‌ರೇ ಅಥವಾ ಮೂಗಿನೊಳಗೆ ಬಿಡುವ ಸಣ್ಣ ಕ್ಯಾಮೆರಾ ಬೇಕು. ಪುಟ್ಟ ಮಕ್ಕಳಲ್ಲಿ ಇವೆರಡೂ ಊದಿದರೆ ದಾರಿ ಕಿರಿದಾಗುತ್ತದೆ. ಎರಡನೇ ಕಾರಣ, ಪದೇ ಪದೇ ಬರುವ ಗಂಟಲು ಸೋಂಕು. ಇದಕ್ಕೆ ಲೆಕ್ಕವಿದೆ: ಒಂದು ವರ್ಷದಲ್ಲಿ 7 ಸಲ, ಅಥವಾ ಎರಡು ವರ್ಷ ಸತತವಾಗಿ ವರ್ಷಕ್ಕೆ 5 ಸಲ, ಅಥವಾ ಮೂರು ವರ್ಷ ವರ್ಷಕ್ಕೆ 3 ಸಲ. ಅದೂ ಜ್ವರ, ಕತ್ತಿನ ಗಂಟು, ಟಾನ್ಸಿಲ್ ಮೇಲೆ ಕೀವಿನಂಥ ಲಕ್ಷಣಗಳೊಂದಿಗೆ, ಚೀಟಿಯಲ್ಲಿ ದಾಖಲಾಗಿ. ವರ್ಷದಲ್ಲಿ ಎರಡು ಸಲ ಗಂಟಲು ನೋವು ಬಂತು ಅನ್ನುವುದಷ್ಟೇ ಕಾರಣವಾದರೆ ನಿಲ್ಲಿ, ಇನ್ನೊಬ್ಬ ಡಾಕ್ಟರನ್ನು ಕೇಳಿ.

ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ನಿದ್ರೆಯಲ್ಲಿ ಉಸಿರು ಕಟ್ಟುತ್ತಿದ್ದ ಆ ಮಕ್ಕಳಲ್ಲಿ ಬೇಗ ಆಪರೇಷನ್ ಆದವರ ಪೈಕಿ ಶೇ. 79ರಷ್ಟು ಮಂದಿಗೆ ನಿದ್ರೆಯ ಪರೀಕ್ಷೆ ಸಹಜ ಸ್ಥಿತಿಗೆ ಬಂತು. ಕಾದು ನೋಡಿದವರಲ್ಲಿ ಶೇ. 46. ಎರಡೂ ಸಂಖ್ಯೆಯನ್ನು ನೆನಪಿಡಿ. ಆಪರೇಷನ್ ಕೆಲಸ ಮಾಡುತ್ತದೆ. ತೊಂದರೆ ಸಣ್ಣದಿದ್ದರೆ ಕಾಯುವುದೂ ಒಂದು ದಾರಿ. ನಿಮ್ಮ ಮಗುವಿಗೆ ಯಾವುದು ಅನ್ನುವುದನ್ನು ಡಾಕ್ಟರ ಬಾಯಿಂದಲೇ ಕೇಳಿ ತಿಳಿಯಿರಿ.

3. ಅನುಮಾನವನ್ನು ಪ್ರಶ್ನೆಯಾಗಿ ಬದಲಿಸಿ

ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತ ಯೋಚಿಸುವುದು ಒಂದು ಅಭ್ಯಾಸ. ಅದನ್ನು ಬಿಡಿ, ಪೆನ್ನು ಹಿಡಿಯಿರಿ. ಈ ನಾಲ್ಕನ್ನು ತಪ್ಪದೆ ಕೇಳಿ: ಪುಟ್ಟ ಮಕ್ಕಳಿಗೆ ಅನಸ್ತೇಷಿಯಾ ಕೊಟ್ಟು ಅನುಭವವಿರುವ ಡಾಕ್ಟರ್ ಇದ್ದಾರೆಯೇ? ಆ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತೀರಾ? ಮನೆಗೆ ಹೋದ ಮೇಲೆ ರಾತ್ರಿ 2 ಗಂಟೆಗೆ ರಕ್ತ ಬಂದರೆ ಯಾವ ನಂಬರಿಗೆ ಫೋನ್ ಮಾಡಲಿ, ಆ ಹೊತ್ತಿನಲ್ಲಿ ಆಪರೇಷನ್ ಥಿಯೇಟರ್ ತೆರೆಯುತ್ತದೆಯೇ? ನೋವಿಗೆ ಯಾವ ಔಷಧ, ಎಷ್ಟು ಮಿಲಿ, ಎಷ್ಟು ಗಂಟೆಗೊಮ್ಮೆ?

ಎರಡನೇ ಪ್ರಶ್ನೆಗೆ ವಿಶೇಷ ತೂಕವಿದೆ. ಮೂರು ವರ್ಷಕ್ಕಿಂತ ಚಿಕ್ಕ ಮಗುವಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಕನಿಷ್ಠ ಒಂದು ರಾತ್ರಿ ಆಸ್ಪತ್ರೆಯ ನಿಗಾದಲ್ಲಿರಬೇಕು. "ಸಂಜೆಗೇ ಮನೆಗೆ ಹೋಗಬಹುದು" ಎಂಬ ಮಾತು ಕೇಳಿ ಖುಷಿಪಡಬೇಡಿ.

"ಟಾನ್ಸಿಲ್ ತೆಗೆಸಿದರೆ ರೋಗನಿರೋಧಕ ಶಕ್ತಿ ಹೋಗುತ್ತದಂತೆ" ಎಂದು ಪಕ್ಕದ ಮನೆಯವರು ಹೇಳಿರುತ್ತಾರೆ. ಅದನ್ನೂ ಡಾಕ್ಟರಿಗೇ ಕೇಳಿ. ದೇಹದಲ್ಲಿ ಇದೇ ಕೆಲಸ ಮಾಡುವ ಅಂಗಾಂಶ ಬೇರೆ ಕಡೆಯೂ ಬೇಕಾದಷ್ಟಿದೆ. ಟಾನ್ಸಿಲ್ ಒಂದೇ ಕಾವಲುಗಾರನಲ್ಲ.

4. ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ರಾತ್ರಿಯ ನಿಮಿಷಗಳಲ್ಲಿ ಅಳೆಯಿರಿ

ಕೆ.ಜಿ.ಎಫ್.ನಲ್ಲಿ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಚಾಂಪಿಯನ್ ರೀಫ್ಸ್‌ನಲ್ಲೇ ಕಂಪನಿಯ ದೊಡ್ಡ ಆಸ್ಪತ್ರೆ ಇತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆಸ್ಪತ್ರೆಯ ಬಾಗಿಲೂ ಮುಚ್ಚಿತು. ನಿಮ್ಮ ತಾತನ ಕಾಲಕ್ಕೆ ನಡೆದು ಹೋಗುವಷ್ಟು ಹತ್ತಿರವಿದ್ದ ಚಿಕಿತ್ಸೆಗೆ ಈಗ ನೀವು ಹೊರಗೆ ಹೋಗಬೇಕು. ರಾಬರ್ಟ್‌ಸನ್‌ಪೇಟೆಯಿಂದ ಕೋಲಾರ ಸುಮಾರು 30 ಕಿ.ಮೀ. ಅಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಬೆಂಗಳೂರು ಸುಮಾರು 100 ಕಿ.ಮೀ.

ಬೆಂಗಳೂರಿನಲ್ಲೇ ಮಾಡಿಸುವುದಾದರೆ ಮಾಡಿಸಿ, ಆದರೆ ಅದರ ಜೊತೆಗೆ ಹತ್ತಿರದ ಪ್ಲಾನ್ ಕೂಡ ಇಟ್ಟುಕೊಳ್ಳಿ. ರಾತ್ರಿಯಲ್ಲಿ ರಕ್ತಸ್ರಾವ ಶುರುವಾದರೆ ಕೆ.ಆರ್. ಪುರದ ಟ್ರಾಫಿಕ್ ದಾಟುತ್ತ ಕೂರಲಾಗದು. ಇ.ಎನ್.ಟಿ. ತುರ್ತು ಚಿಕಿತ್ಸೆ ಇರುವ ಅತಿ ಹತ್ತಿರದ ಆಸ್ಪತ್ರೆ ಯಾವುದು ಎಂದು ಆಪರೇಷನ್‌ಗೆ ಮೊದಲೇ ಹೋಗಿ ನೋಡಿ, ಕ್ಯಾಶುವಾಲಿಟಿ ಬಾಗಿಲು ಎಲ್ಲಿದೆ ತಿಳಿದುಕೊಂಡು ಬನ್ನಿ. ಬೀದಿಯಲ್ಲಿ ಯಾರ ಹತ್ತಿರ ಕಾರಿದೆ, ರಾತ್ರಿ ಬಾಗಿಲು ಬಡಿದರೆ ಏಳುತ್ತಾರಾ ಎಂದು ಈಗಲೇ ಕೇಳಿ. ಬೆಂಗಳೂರಿನಲ್ಲಿ ಅಕ್ಕನ ಮನೆಯೋ ಚಿಕ್ಕಪ್ಪನ ಮನೆಯೋ ಇದ್ದರೆ ಎರಡು ವಾರ ಅಲ್ಲೇ ಇರುವುದು ಇನ್ನೂ ಒಳ್ಳೆಯದು.

5. ದುಡ್ಡಿನ ದಾರಿ ಮೊದಲೇ ಸರಿಮಾಡಿ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆಯಿರಿ. ಪುಟ್ಟ ಮಗುವಿನ ಹೆಸರು ರೇಷನ್ ಕಾರ್ಡಿನಲ್ಲಿ ಸೇರಿದೆಯೇ ಎಂದು ಇವತ್ತೇ ತೆಗೆದು ನೋಡಿ. ಎಷ್ಟೋ ಮನೆಗಳಲ್ಲಿ ಸೇರಿಸಿರುವುದಿಲ್ಲ. ನರಸಾಪುರದ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವವರು ಇ.ಎಸ್.ಐ. ದಾಖಲೆಯಲ್ಲಿ ಮಗುವಿನ ಹೆಸರು ಇದೆಯೇ ಪರೀಕ್ಷಿಸಿ. ನೀವೇ ಕೊಂಡ ಹೆಲ್ತ್ ಪಾಲಿಸಿಗಳಲ್ಲಿ ಟಾನ್ಸಿಲ್ ಆಪರೇಷನ್‌ಗೆ ಹೆಚ್ಚಾಗಿ ಎರಡು ವರ್ಷದ ಕಾಯುವ ಅವಧಿ ಇರುತ್ತದೆ. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಬಹಳ ಸಲ ಅದು ಇರುವುದಿಲ್ಲ. ಎಚ್.ಆರ್.ಗೆ ಮೇಲ್ ಹಾಕಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

6. ರಜೆಯನ್ನು ಎರಡಾಗಿ ಕತ್ತರಿಸಿ

ಗಂಡ ಹೆಂಡತಿ ಇಬ್ಬರೂ ಮೊದಲ ಮೂರು ದಿನವೇ ರಜೆ ಸುರಿದು ಖಾಲಿ ಮಾಡಬೇಡಿ. ನೋವು ಹೆಚ್ಚುವುದು ಮೂರನೇ ದಿನದಿಂದ. ಮೊದಲ 24 ಗಂಟೆ ಕಳೆದ ಮೇಲೆ ರಕ್ತಸ್ರಾವದ ಎರಡನೇ ಅಪಾಯ 5ರಿಂದ 10ನೇ ದಿನದ ನಡುವೆ. ಒಬ್ಬರು ಮೊದಲ ವಾರ, ಇನ್ನೊಬ್ಬರು ಎರಡನೇ ವಾರ. ಮ್ಯಾನೇಜರಿಗೆ ತಿಂಗಳು ಮೊದಲೇ ಹೇಳಿ. ಹಬ್ಬ, ಮದುವೆ, ಜಾತ್ರೆ ಇರುವ ಹದಿನೈದು ದಿನಗಳನ್ನು ಬಿಟ್ಟು ತಾರೀಕು ಹಾಕಿಸಿ.

7. "ಇಂಜೆಕ್ಷನ್ ಚುಚ್ಚಿಸ್ತೀನಿ ನೋಡು" ಅನ್ನುವುದನ್ನು ಇಂದೇ ನಿಲ್ಲಿಸಿ

ಊಟ ಮಾಡದಿದ್ದರೆ ಇಂಜೆಕ್ಷನ್, ಮಲಗದಿದ್ದರೆ ಡಾಕ್ಟರ್. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಡಾಕ್ಟರ್ ಎಂದರೆ ಗುಮ್ಮ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅದೇ ಗುಮ್ಮನ ಕೈಗೆ ಮಗುವನ್ನು ಒಪ್ಪಿಸಬೇಕು ನೀವು. ತಿಂಗಳು ಮೊದಲೇ ಈ ಮಾತು ಮನೆಯಲ್ಲಿ ಬಂದ್ ಮಾಡಿ, ಅಜ್ಜಿ ತಾತನಿಗೂ ಹೇಳಿ.

ಎರಡು ಮೂರು ವರ್ಷದ ಮಗುವಿಗೆ ವಾರ ಮೊದಲೇ ಹೇಳಿದರೆ ಅದಕ್ಕೆ ಕಾಲದ ಲೆಕ್ಕ ಸಿಗದು. ಒಂದೆರಡು ದಿನ ಮೊದಲು ಹೇಳಿ. ಗೊಂಬೆಯನ್ನು ಮಲಗಿಸಿ ಡಾಕ್ಟರ್ ಆಟ ಆಡಿ, ಮೂಗಿಗೆ ಬಟ್ಟಲು ಹಿಡಿದು "ಉಫ್" ಎಂದು ಊದುವ ಆಟ ಕಲಿಸಿ. ಅನಸ್ತೇಷಿಯಾ ಮಾಸ್ಕ್ ಆಗ ಹೊಸದೆನಿಸುವುದಿಲ್ಲ. "ನೋಯೋದೇ ಇಲ್ಲ" ಎಂದು ಸುಳ್ಳು ಹೇಳಬೇಡಿ. "ಗಂಟಲು ನೋಯುತ್ತೆ, ಔಷಧಿ ಕೊಡ್ತೀನಿ, ನಾನು ಇಲ್ಲೇ ಇರ್ತೀನಿ" ಅನ್ನಿ. ಮಗು ನಿಮ್ಮ ಮಾತನ್ನು ನಂಬಿದರೆ ಮಾತ್ರ ಮುಂದಿನ ಹದಿನಾಲ್ಕು ದಿನ ಔಷಧಕ್ಕೆ ಬಾಯಿ ತೆರೆಯುತ್ತದೆ.

ಕೆ.ಜಿ.ಎಫ್.ನವರಿಗೆ ಇನ್ನೊಂದು ಕೆಲಸ. ನಮ್ಮ ಮಕ್ಕಳು ಒಂದೇ ಮನೆಯಲ್ಲಿ ಮೂರು ಭಾಷೆ ಕೇಳಿ ಬೆಳೆಯುತ್ತವೆ. ನಿಮ್ಮ ಮಗು ನೀರಿಗೆ "ತಣ್ಣಿ" ಅನ್ನುತ್ತದೋ "ನೀಳ್ಳು" ಅನ್ನುತ್ತದೋ, ನೋವಿಗೆ ಯಾವ ಪದ, ಮೂತ್ರಕ್ಕೆ ಯಾವ ಪದ ಎಂದು ಒಂದು ಚೀಟಿಯಲ್ಲಿ ಬರೆದು ನರ್ಸ್ ಕೈಗೆ ಕೊಡಿ. ಎಚ್ಚರವಾದ ಮಗು ತಮಿಳಿನಲ್ಲಿ "ವಲಿಕುದು" (ನೋಯುತ್ತೆ) ಎಂದು ಅತ್ತಾಗ ಯಾರಾದರೂ ಅರ್ಥಮಾಡಿಕೊಳ್ಳಲೇಬೇಕು.

8. ಶೀತ, ಕೆಮ್ಮನ್ನು ಮುಚ್ಚಿಡಬೇಡಿ

ಆಪರೇಷನ್‌ಗೆ ಮುಂಚಿನ ಎರಡು ವಾರದಲ್ಲಿ ಜ್ವರ, ಕೆಮ್ಮು, ಕಫ ಬಂದಿದ್ದರೆ ಫೋನ್ ಮಾಡಿ ಹೇಳಿ. ರಜೆ ಹಾಳಾಗುತ್ತದೆ ಎಂದು ಸುಮ್ಮನಿರಬೇಡಿ. ಶೀತವಿರುವ ಮಗುವಿಗೆ ಅನಸ್ತೇಷಿಯಾ ಕೊಟ್ಟರೆ ಉಸಿರಾಟದ ತೊಂದರೆ ಹೆಚ್ಚು. ಹಾಗೆಯೇ ಮನೆಯಲ್ಲಿ ಯಾರಿಗಾದರೂ ಗಾಯವಾದರೆ ರಕ್ತ ನಿಲ್ಲದ ಸಮಸ್ಯೆ ಇದ್ದರೆ, ಅನಸ್ತೇಷಿಯಾದಿಂದ ತೊಂದರೆಯಾಗಿದ್ದರೆ ಅದನ್ನೂ ಹೇಳಿ.

9. ಹಾಲನ್ನು ನೀರೆಂದು ತಿಳಿಯಬೇಡಿ

ಹೊಟ್ಟೆಯ ಲೆಕ್ಕದಲ್ಲಿ ಹಸುವಿನ ಹಾಲು ಊಟಕ್ಕೆ ಸಮ. ಸಾಮಾನ್ಯ ನಿಯಮ ಹೀಗಿದೆ: ಊಟ, ಬಿಸ್ಕೆಟ್, ಹಸುವಿನ ಹಾಲು, ಡಬ್ಬದ ಹಾಲು 6 ಗಂಟೆ ಮೊದಲೇ ನಿಲ್ಲಬೇಕು, ತಾಯಿಹಾಲು 4 ಗಂಟೆ ಮೊದಲು, ಬರೀ ನೀರು 2 ಗಂಟೆ ಮೊದಲು. ಕರಿದದ್ದು, ಎಣ್ಣೆಯದ್ದು ಇನ್ನೂ ಮುಂಚೆ. ನಿಮ್ಮ ಅನಸ್ತೇಷಿಯಾ ಡಾಕ್ಟರ್ ಹೇಳಿದ ಗಂಟೆಯೇ ಅಂತಿಮ. ಹೊಟ್ಟೆಯಲ್ಲಿರುವುದು ಮೇಲಕ್ಕೆ ಬಂದು ಶ್ವಾಸಕೋಶ ಸೇರಬಾರದು, ಅದಕ್ಕೆ ಇಷ್ಟು ಕಟ್ಟುನಿಟ್ಟು.

ನಾಲ್ಕು ಗಂಟೆಗೆ ಹೊರಟ ಕಾರಿನಲ್ಲಿ ಯಾರೋ ಅಯ್ಯೋ ಪಾಪ ಎಂದು ಕೈಗೆ ಒಂದು ಬಿಸ್ಕೆಟ್ ಕೊಟ್ಟರೆ ಆಪರೇಷನ್ ಕ್ಯಾನ್ಸಲ್. ಕಾರಿನಲ್ಲಿ ತಿಂಡಿಯನ್ನೇ ಇಡಬೇಡಿ. ನೀವೂ ಮಗುವಿನ ಮುಂದೆ ಕಾಫಿ ಕುಡಿಯಬೇಡಿ. ಪಟ್ಟಿಯಲ್ಲಿ ಮೊದಲ ಸರದಿ ಕೊಡಿ ಎಂದು ಕೇಳಿ.

10. ಎಚ್ಚರವಾದಾಗಿನ ಅಳುವಿಗೆ ಸಿದ್ಧರಾಗಿರಿ

ಅನಸ್ತೇಷಿಯಾದಿಂದ ಏಳುವ ಪುಟ್ಟ ಮಕ್ಕಳಲ್ಲಿ ಕೆಲವರು ನಿಮ್ಮನ್ನೇ ಗುರುತಿಸದವರಂತೆ ಒದ್ದಾಡಿ ಕಿರುಚುತ್ತಾರೆ. ನೋಡಲು ಕಷ್ಟ. ಬಹುತೇಕ ಅರ್ಧ ಮುಕ್ಕಾಲು ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಗಟ್ಟಿಯಾಗಿ ಕೂಗಬೇಡಿ, ನಾಲ್ಕು ಜನ ಸುತ್ತ ನಿಲ್ಲಬೇಡಿ. ಒಬ್ಬರು ಎತ್ತಿಕೊಳ್ಳಿ, ಅದರ ಹಳೇ ಹೊದಿಕೆ ಹೊದಿಸಿ, ಮಲಗಿಸುವಾಗ ಹಾಡುವ ಹಾಡನ್ನೇ ಮೆಲ್ಲಗೆ ಹಾಡಿ.

11. ಮನೆಯನ್ನು ಶಿಫ್ಟ್ ಮೇಲೆ ನಡೆಸಿ

ಇಡೀ ಹದಿನಾಲ್ಕು ದಿನದ ಬೀಗದ ಕೈ ಇದು. ಗಣಿಯ ಸೈರನ್ ಕೇಳಿ ಊರೆಲ್ಲ ಕೆಲಸಕ್ಕೆ ಏಳುತ್ತಿದ್ದ ನೆಲ ನಮ್ಮದು. ಶಿಫ್ಟ್ ಎಂದರೇನು ಎಂದು ಕೆ.ಜಿ.ಎಫ್.ನವರಿಗೆ ಯಾರೂ ಕಲಿಸಬೇಕಿಲ್ಲ. ಡಾಕ್ಟರ್ ಆರು ಗಂಟೆಗೊಮ್ಮೆ ಪ್ಯಾರಾಸಿಟಮಾಲ್ ಬರೆದಿದ್ದರೆ ಫೋನಿನಲ್ಲಿ ನಾಲ್ಕು ಅಲಾರಂ ಇಡಿ: ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 12. ಮೊದಲ ವಾರ ಡಾಕ್ಟರ್ ಹೇಳಿದಷ್ಟು ದಿನ ಒಂದೂ ತಪ್ಪಿಸಬೇಡಿ. ಮಗು ಮಲಗಿದ್ದರೆ ಎಬ್ಬಿಸಿ ಕೊಡಿ.

"ಪಾಪ, ಮಲಗಿದೆ, ಅತ್ತಾಗ ಕೊಟ್ಟರಾಯಿತು" ಅನ್ನುವುದೇ ಎಲ್ಲರೂ ಮಾಡುವ ತಪ್ಪು. ಔಷಧ ತಪ್ಪಿದರೆ ನೋವು ಏರುತ್ತದೆ. ನೋವು ಏರಿದರೆ ಮಗು ನುಂಗುವುದಿಲ್ಲ. ನುಂಗದಿದ್ದರೆ ನೀರು ಹೋಗುವುದಿಲ್ಲ, ಗಂಟಲು ಒಣಗುತ್ತದೆ. ಒಣಗಿದ ಗಂಟಲು ಇನ್ನೂ ನೋಯುತ್ತದೆ, ಆಗ ಔಷಧವನ್ನೂ ಉಗುಳುತ್ತದೆ. ಈ ಸುಳಿಗೆ ಬಿದ್ದ ಮಗುವನ್ನು ಡ್ರಿಪ್ ಹಾಕಿಸಲು ಮತ್ತೆ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ. ರಾತ್ರಿ 12ರ ಅಲಾರಂ ಸುಳಿಯನ್ನು ಶುರುವಾಗುವ ಮೊದಲೇ ಮುರಿಯುತ್ತದೆ.

ಒಂದು ನೋಟ್‌ಬುಕ್ ಇಡಿ. ಕಾಲಂ ನಾಲ್ಕೇ: ಗಂಟೆ, ಔಷಧ, ಕುಡಿದದ್ದು, ಮೂತ್ರ. ಒಬ್ಬರು ಎದ್ದು ಹೋಗುವಾಗ ಇನ್ನೊಬ್ಬರಿಗೆ ಓದಿ ಹೇಳಿ. ಬರೆಯದಿದ್ದರೆ ಅಮ್ಮ ಕೊಟ್ಟ ಡೋಸನ್ನು ಅಪ್ಪ ಮತ್ತೆ ಕೊಡುತ್ತಾರೆ, ಇಲ್ಲವೇ ಇಬ್ಬರೂ ಕೊಡುವುದಿಲ್ಲ.

12. ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ

ಪ್ಯಾರಾಸಿಟಮಾಲ್ ಡೋಸ್ ಮಗುವಿನ ತೂಕಕ್ಕೆ ಕಟ್ಟಿದ್ದು, ಸಾಮಾನ್ಯವಾಗಿ ಕಿಲೋಗೆ 15 ಮಿ.ಗ್ರಾಂ. 12 ಕಿಲೋ ಮಗುವಿಗೆ 180 ಮಿ.ಗ್ರಾಂ. ಈಗ ಮೆಡಿಕಲ್ ಶಾಪಿನ ಕಪಾಟು ನೋಡಿ. ಒಂದು ಸಿರಪ್‌ನಲ್ಲಿ 5 ಮಿಲಿಗೆ 125 ಮಿ.ಗ್ರಾಂ. ಇರುತ್ತದೆ, ಇನ್ನೊಂದರಲ್ಲಿ 5 ಮಿಲಿಗೆ 250. ಡ್ರಾಪ್ಸ್‌ನಲ್ಲಿ 1 ಮಿಲಿಗೇ 100. ಅದೇ 180 ಮಿ.ಗ್ರಾಂ.ಗೆ ಮೊದಲನೆಯದು ಸುಮಾರು 7 ಮಿಲಿ, ಎರಡನೆಯದು ಸುಮಾರು ಮೂರೂವರೆ ಮಿಲಿ, ಡ್ರಾಪ್ಸ್ ಎರಡು ಮಿಲಿಗೂ ಕಡಿಮೆ. ಬಾಟಲಿ ಖಾಲಿಯಾಗಿ ಬೇರೆ ಬಾಟಲಿ ತಂದು "ಏಳು ಮಿಲಿ" ಎಂದೇ ಹಾಕಿದರೆ ಡೋಸ್ ಇಮ್ಮಡಿ. ಡ್ರಾಪ್ಸ್ ಆದರೆ ಇನ್ನೂ ಅಪಾಯ, ಹೆಚ್ಚಾದ ಪ್ಯಾರಾಸಿಟಮಾಲ್ ಲಿವರನ್ನು ಹಾಳು ಮಾಡುತ್ತದೆ. ಡಾಕ್ಟರ್ ಬರೆದ ಬಾಟಲಿಯನ್ನೇ ಎರಡು ತಂದಿಡಿ. ಚಮಚ ಬಿಡಿ, ಸೂಜಿಯಿಲ್ಲದ ಸಿರಿಂಜ್ ಬಳಸಿ. ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ಮೂಗು ಹಿಡಿದು ಒಳಲೆಯಲ್ಲಿ ಸುರಿಯುವ ಹಳೆಯ ಪದ್ಧತಿ ಈ ಗಂಟಲಿಗೆ ಬೇಡವೇ ಬೇಡ.

ಆಸ್ಪಿರಿನ್ ಕೊಡಬೇಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್ ಕೊಡಬೇಡಿ. ಟಾನ್ಸಿಲ್ ಆಪರೇಷನ್ ಆದ ಕೆಲವು ಮಕ್ಕಳು ಕೊಡೀನ್‌ನಿಂದ ಉಸಿರು ನಿಂತು ಸತ್ತ ಮೇಲೆ ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಇದರ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿದರು. ಇಬುಪ್ರೊಫೆನ್ ಕೊಡಬಹುದೇ ಎಂದು ನಿಮ್ಮ ಸರ್ಜನ್ನರನ್ನೇ ಕೇಳಿ. ಮೆಡಿಕಲ್ ಶಾಪಿನ ಹುಡುಗ ಎಷ್ಟೇ ಪರಿಚಯವಿರಲಿ, ಈ ಎರಡು ವಾರ ಅವನ ಸಲಹೆಯ ಮೇಲೆ ಒಂದು ಹನಿಯೂ ಬೇಡ.

13. ಊಟ ಬಿಟ್ಟರೆ ಬಿಡಲಿ, ನೀರು ಬಿಡಬಾರದು

ಮೊದಲ ವಾರ ಮಗು ಸರಿಯಾಗಿ ಉಣ್ಣದಿರಬಹುದು, ತೂಕ ಒಂದಿಷ್ಟು ಇಳಿಯಬಹುದು. ಆಮೇಲೆ ಬರುತ್ತದೆ. ನೀರಿನ ವಿಷಯ ಹಾಗಲ್ಲ. 12 ಕಿಲೋ ಮಗುವಿಗೆ ದಿನಕ್ಕೆ ಒಟ್ಟು ಸುಮಾರು 1,100 ಮಿಲಿ ದ್ರವ ಬೇಕು. ನೀರು, ಹಾಲು, ಎಳನೀರು, ಗಂಜಿ ಎಲ್ಲ ಸೇರಿ. ಅಂಕಿ ದೊಡ್ಡದೆನಿಸಿದರೆ ತುಂಡು ಮಾಡಿ. ಎಚ್ಚರವಿರುವಷ್ಟು ಹೊತ್ತು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಚಮಚ. ಔಷಧ ಕೊಟ್ಟು ಅರ್ಧ ಗಂಟೆ ಬಿಟ್ಟು ದೊಡ್ಡ ಲೋಟ ಹಿಡಿಯಿರಿ, ಆಗ ನೋವು ಇಳಿದಿರುತ್ತದೆ. ಎಂಟು ಗಂಟೆ ಮೂತ್ರ ಹೋಗದಿದ್ದರೆ, ತುಟಿ ಒಣಗಿ ಅಳುವಾಗ ಕಣ್ಣೀರು ಬರದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ತಿನ್ನಲು ನಮ್ಮ ಕೋಲಾರ ಸೀಮೆಯ ಅಡುಗೆಮನೆಯಲ್ಲೇ ಎಲ್ಲವೂ ಇದೆ. ತಣ್ಣಗಾದ ರಾಗಿ ಸರಿ. ಹುಳಿಯಿಲ್ಲದ ಮೊಸರಿನಲ್ಲಿ ಕಿವುಚಿದ ಮೊಸರನ್ನ. ಹಾಲಿನಲ್ಲಿ ನೆನೆದ ಇಡ್ಲಿ. ಮೆಣಸು ಹಾಕದ ಪೊಂಗಲ್. ಸಬ್ಬಕ್ಕಿ ಪಾಯಸ, ಬಾಳೆಹಣ್ಣು. ಎರಡು ವರ್ಷದ ಮಗು ಮುದ್ದೆ ನುಂಗಲು ಕಲಿತಿದ್ದರೆ, ತಣ್ಣಗಾದ ಮೆತ್ತನೆಯ ಮುದ್ದೆಯ ಸಣ್ಣ ತುತ್ತಿಗಿಂತ ಸಲೀಸಾದ ಊಟ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಸಾರು ಯಾವುದು ಎಂದು ನೋಡಿ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು ಕೋಲಾರದಲ್ಲಿದೆ, ನಮ್ಮ ಯಾವ ಸಾರಿಗೂ ಟೊಮೆಟೊ ತಪ್ಪುವುದಿಲ್ಲ. ಈ ಎರಡು ವಾರ ತಪ್ಪಿಸಿ, ಹುಳಿ ಮತ್ತು ಖಾರ ಹಸಿ ಗಾಯಕ್ಕೆ ಉರಿ. ನಿಪ್ಪಟ್ಟು, ಚಕ್ಕುಲಿ, ರಸ್ಕ್, ಚಿಪ್ಸ್ ಡಬ್ಬಗಳನ್ನು ಅಟ್ಟಕ್ಕೆ ಹಾಕಿ. ಬಂಗಾರಪೇಟೆ ಪಾನಿಪೂರಿ ಪಾರ್ಸೆಲ್ ಮನೆಗೆ ತಂದು ಮಗುವಿನ ಎದುರು ತಿನ್ನಬೇಡಿ. ಆ ತಿಳಿನೀರಿನ ಖಾರ ದೊಡ್ಡವರ ಕಣ್ಣಲ್ಲೇ ನೀರು ತರಿಸುತ್ತದೆ. ಕೆಂಪು ಐಸ್‌ಕ್ಯಾಂಡಿ, ಬೀಟ್‌ರೂಟ್ ಜ್ಯೂಸ್ ಕೂಡ ಬೇಡ. ಮಗು ವಾಂತಿ ಮಾಡಿದರೆ ಅದು ಬಣ್ಣವೋ ರಕ್ತವೋ ಎಂದು ತಿಳಿಯುವುದಿಲ್ಲ.

14. ಅಜ್ಜಿಯನ್ನು ಟೀಮಿಗೆ ಸೇರಿಸಿ

ತಣ್ಣಗಿನದು ಕೊಟ್ಟರೆ ಶೀತವಾಗುತ್ತದೆ ಎಂದು ಅಜ್ಜಿ ಹೇಳಿಯೇ ಹೇಳುತ್ತಾರೆ. ಜಗಳವಾಡಬೇಡಿ. ಆಪರೇಷನ್‌ಗೆ ಮುಂಚಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ, "ಐಸ್‌ಕ್ರೀಂ ಕೊಡಬಹುದು" ಎಂಬ ಮಾತನ್ನು ಡಾಕ್ಟರ ಬಾಯಿಂದಲೇ ಕೇಳಿಸಿ. ಹಗಲಿನ ಶಿಫ್ಟ್ ಅವರದು, ನೋಟ್‌ಬುಕ್ಕೂ ಅವರ ಕೈಯಲ್ಲಿ. ಬರೆಯಲು ಬಾರದಿದ್ದರೆ ಪ್ರತಿ ಲೋಟಕ್ಕೊಂದು ಗೆರೆ ಎಳೆಯಲಿ. ಗಂಟಲಿಗೆ ಬೆರಳು ಹಾಕುವುದು, ಅರಿಶಿನ ಹಚ್ಚುವುದು, ಕಿರುನಾಲಿಗೆ ಎತ್ತಿಸುವುದು, ಬಿಸಿ ಆವಿ ಹಿಡಿಸುವುದು ಈ ನಾಲ್ಕೂ ಇಲ್ಲ ಎಂದು ಮೊದಲ ದಿನವೇ ಮೆಲ್ಲಗೆ, ಖಚಿತವಾಗಿ ಹೇಳಿ.

15. ಬಿಳಿ ಪದರ ಕಂಡು ಹೆದರಬೇಡಿ

ಟಾನ್ಸಿಲ್ ಇದ್ದ ಜಾಗದಲ್ಲಿ ಬಿಳಿ ಅಥವಾ ಹಳದಿ ಪದರ ಕಟ್ಟುತ್ತದೆ. ಕೀವಲ್ಲ, ಗಾಯ ಮಾಯುವಾಗಿನ ಹೊದಿಕೆ. ಬಾಯಿ ವಾಸನೆ ಬರುತ್ತದೆ, ಒಂದೆರಡು ವಾರದಲ್ಲಿ ಹೋಗುತ್ತದೆ. ಮಗು ಕಿವಿ ಹಿಡಿದುಕೊಂಡು ಅಳಬಹುದು. ಗಂಟಲಿಗೂ ಕಿವಿಗೂ ಒಂದೇ ನರದ ಸಂಪರ್ಕವಿದೆ, ಅದಕ್ಕೇ ಗಂಟಲ ನೋವು ಕಿವಿಯಲ್ಲಿ ಕೇಳಿಸುತ್ತದೆ. ದನಿ ಕೆಲವು ವಾರ ಮೂಗಿನಲ್ಲಿ ಮಾತಾಡಿದಂತೆ ಇರಬಹುದು. ಊತ ಇಳಿಯುವವರೆಗೆ ಗೊರಕೆಯೂ ಸ್ವಲ್ಪ ಉಳಿಯಬಹುದು. ರಾತ್ರಿ ಬೆಚ್ಚುವುದು, ನಿಮ್ಮ ಸೆರಗು ಬಿಡದಿರುವುದು, ಹಾಸಿಗೆ ಒದ್ದೆ ಮಾಡುವುದು ಕೂಡ ಕೆಲವು ದಿನ ಸಹಜ.

ಮೊದಲೆರಡು ದಿನ ಮಗು ಆಶ್ಚರ್ಯವಾಗುವಷ್ಟು ಲವಲವಿಕೆಯಿಂದಿರುತ್ತದೆ. ಅದನ್ನು ನೋಡಿ ಅಲಾರಂ ತೆಗೆದುಬಿಡಬೇಡಿ. ಮೂರನೇ ದಿನ ಬರಲಿದೆ.

16. ಕೆಂಪು ರಕ್ತ ಕಂಡರೆ ಹೊರಡಿ

ಮೊದಲ 24 ಗಂಟೆ ಒಂದು ಅಪಾಯದ ಹೊತ್ತು. ಇನ್ನೊಂದು 5ರಿಂದ 10ನೇ ದಿನ, ಆ ಬಿಳಿ ಪದರ ಕಳಚುವಾಗ. ಬಾಯಲ್ಲೋ ಮೂಗಲ್ಲೋ ತಾಜಾ ಕೆಂಪು ರಕ್ತ ಬಂದರೆ, ಕಪ್ಪು ಬಣ್ಣದ ವಾಂತಿಯಾದರೆ, ನಿದ್ರೆಯಲ್ಲಿ ಪದೇ ಪದೇ ಗುಟುಕು ನುಂಗುತ್ತಿದ್ದರೆ ಹೊರಡಿ. ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ರಕ್ತ ಹೊರಗೆ ಬರದೆ ಗಂಟಲ ಹಿಂದೆ ಇಳಿಯುತ್ತಿದ್ದರೆ ಮಲಗಿದ ಮಗು ಅದನ್ನು ನುಂಗುತ್ತಲೇ ಇರುತ್ತದೆ. ಆ ರಾತ್ರಿಗಳಲ್ಲಿ ಮಗುವಿನ ಪಕ್ಕದಲ್ಲೇ ಮಲಗಿ, ಟಾರ್ಚ್ ದಿಂಬಿನ ಕೆಳಗಿರಲಿ.

ಮಗುವನ್ನು ಅಂಗಾತ ಮಲಗಿಸಬೇಡಿ. ಕೂರಿಸಿ, ಮುಂದಕ್ಕೆ ಬಾಗಿಸಿ, ಬಂದದ್ದನ್ನು ಉಗುಳಿಸಿ. ತಿನ್ನಲು, ಕುಡಿಯಲು ಏನೂ ಕೊಡಬೇಡಿ, ಮತ್ತೆ ಅನಸ್ತೇಷಿಯಾ ಬೇಕಾಗಬಹುದು. 108ಕ್ಕೆ ಕರೆ ಮಾಡಿ. ಮೊದಲೇ ಮಾತಾಡಿಟ್ಟ ಕಾರು ಅದಕ್ಕಿಂತ ಬೇಗ ಸಿಕ್ಕರೆ ಅದರಲ್ಲೇ ಹೊರಡಿ. ರಕ್ತ ತಾನಾಗಿ ನಿಂತಿತು ಅನಿಸಿದರೂ ಹೋಗಿ ತೋರಿಸಿ. ಸಣ್ಣ ಸೋರಿಕೆಯ ಹಿಂದೆಯೇ ದೊಡ್ಡದು ಬರುವುದುಂಟು. ಉಸಿರಾಡಲು ಕಷ್ಟಪಟ್ಟರೂ ಹೀಗೆಯೇ ಹೊರಡಿ. 102 ಡಿಗ್ರಿ ದಾಟಿದ ಜ್ವರಕ್ಕೆ ಆಗಲೇ ಡಾಕ್ಟರಿಗೆ ಫೋನ್ ಮಾಡಿ.

17. ಧೂಳು, ಹೊಗೆ, ಜನಜಂಗುಳಿ ದೂರವಿಡಿ

ಗಾಳಿಯ ತಿಂಗಳಲ್ಲಿ ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳ ಪುಡಿ ಎಲ್ಲಿಯವರೆಗೆ ಹಾರುತ್ತದೆ ಎಂದು ಅಲ್ಲಿ ಬಟ್ಟೆ ಒಣಗಿಸುವವರಿಗೆ ಗೊತ್ತು. ಆ ಕಡೆಯ ಕಿಟಕಿ ಮುಚ್ಚಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ. ಊದುಬತ್ತಿ, ಸೊಳ್ಳೆ ಕಾಯಿಲ್, ಬೀಡಿ ಸಿಗರೇಟು ಮನೆಯೊಳಗೆ ಬೇಡ. ಕೋಟಿಲಿಂಗೇಶ್ವರಕ್ಕೆ ಹರಕೆ ಹೊತ್ತಿದ್ದರೆ ಎರಡು ವಾರ ಕಳೆದ ಮೇಲೆ ತೀರಿಸಿ. ಅಂಗನವಾಡಿ, ಪ್ಲೇ ಹೋಂ ಕೂಡ ಆಮೇಲೆ. ಆಸ್ಪತ್ರೆಯಿಂದ ದೂರದ ಊರಿಗೆ ಪ್ರಯಾಣ ಈ ಹದಿನಾಲ್ಕು ದಿನ ಬೇಡ.

18. ಎರಡನೇ ವಿಡಿಯೋ ಮಾಡಿ

ಡಾಕ್ಟರ್ ಹೇಳಿದ ದಿನ ತಪ್ಪದೆ ಮರುಭೇಟಿಗೆ ಹೋಗಿ. ಆರು ವಾರ ಕಳೆದ ಮೇಲೆ ಅದೇ ನಾಲ್ಕು ಗಂಟೆಗೆ, ಅದೇ ಲೈಟ್ ಹಾಕಿ, ಮತ್ತೆ ಮೂರು ನಿಮಿಷ ರೆಕಾರ್ಡ್ ಮಾಡಿ. ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಗೊರಕೆ, ಉಸಿರು ಕಟ್ಟುವುದು ಉಳಿದಿದ್ದರೆ ಎರಡೂ ವಿಡಿಯೋ ಹಿಡಿದು ಡಾಕ್ಟರ ಬಳಿ ಹೋಗಿ. ಕೆಲವು ಮಕ್ಕಳಲ್ಲಿ ತೊಂದರೆ ಪೂರ್ತಿ ಹೋಗುವುದಿಲ್ಲ, ಪುಟ್ಟ ಮಕ್ಕಳಲ್ಲಿ ಅಡೆನಾಯ್ಡ್ ಮತ್ತೆ ಬೆಳೆಯುವುದೂ ಉಂಟು. ಹಳೆಯ ವಿಡಿಯೋ ಡಿಲೀಟ್ ಮಾಡಬೇಡಿ.